ಕೈ ಖಾಲಿ ಇದ್ದವರಿಗೆ ಸೇತುವೆಯಿಲ್ಲ

ಮಳೆ ಜೋರಿರುವ ಆಟಿ ತಿಂಗಳ ನೆರೆಗೆ ನಮ್ಮ ಹೊಳೆಯ ಹಳೇ ಸೇತುವೆ ಬಿದ್ದುಹೋಗಲಿಲ್ಲ. ಬಿದ್ದಿದ್ದರೆ ಒಂದು ತೀರ್ಮಾನವಾದರೂ ಆಗುತ್ತಿತ್ತು. ಘಟ್ಟದಿಂದ ತೇಲಿಬಂದ ಮರಗಳು ಬಡಿದು ಒಂದು ಬದಿಯ ತಡೆಗೋಡೆ ಪೂರ್ತಿ ಹೋಯಿತು, ನಡುವಿನ ಕಂಬ ಸ್ವಲ್ಪ ವಾಲಿತು. ಎರಡೂ ತುದಿಗೆ ಡಾಂಬರಿನ ಡ್ರಮ್ಮು ಇಟ್ಟು, ವಾಹನ ಹೋಗಬಾರದು, ಜನ ಬೇಕಾದರೆ ನಡೆದು ದಾಟಲಿ ಎಂದರು. ದೀಪಾವಳಿ ಕಳೆದರೂ ಡ್ರಮ್ಮು ಅಲ್ಲೇ ಇತ್ತು.

ಬಿ.ಸಿ.ರೋಡಿನಿಂದ ಪುಂಜಾಲಕಟ್ಟೆಯಾಗಿ ಬರುವ ಬಸ್ಸು ಈಚೆ ದಡದಲ್ಲೇ ತಿರುಗುತ್ತಿತ್ತು. ಮೂಡುಬಿದಿರೆಯ ಬಸ್ಸು ಆಚೆ ದಡದಲ್ಲಿ ಕಾಯುತ್ತಿತ್ತು. ಜನ ನಡೆದರು, ಸರಿ. ಆದರೆ ಸಾಮಾನು? ನಮ್ಮ ಕಡೆಯ ಬಸ್ಸಿನಲ್ಲಿ ಜನಕ್ಕಿಂತ ಹೆಚ್ಚು ಪ್ರಯಾಣ ಮಾಡುವುದು ‘ಕೊಟ್ಟು ಕಳಿಸಿದ’ ವಸ್ತುಗಳು. ತಂಗಿಯ ಮನೆಗೆ ಮಲ್ಲಿಗೆ, ರಿಪೇರಿಯಾದ ಮಿಕ್ಸಿ ಜಾರು, ಯಾರೋ ಮರೆತುಹೋದ ಕೊಡೆ. ಯಾವುದರ ಮೇಲೂ ಹೆಸರು ಬರೆಯುವ ಪದ್ಧತಿಯಿಲ್ಲ. ಕಂಡಕ್ಟರನ ಕಿವಿಗೆ ಹಾಕಿದರೆ ಮುಗಿಯಿತು.

ಹಾಗಾಗಿ ಈಚೆ ಬಸ್ಸಿನ ಕಂಡಕ್ಟರ್ ತಾನೇ ಒಂದು ಕಾನೂನು ಮಾಡಿದ. ಬರಿಗೈಯಲ್ಲಿ ಯಾರೂ ಸೇತುವೆ ದಾಟುವಂತಿಲ್ಲ. “ಕೈ ಖಾಲಿ ಉಂಟಲ್ಲ, ಇದನ್ನೊಂದು ಹಿಡ್ಕೊಳ್ಳಿ” ಎಂದು ಯಾರದೋ ಚೀಲವನ್ನು ಯಾರಿಗೋ ತೂಗುಹಾಕಿಬಿಡುವನು. ಬ್ಯಾಂಕಿನ ಮ್ಯಾನೇಜರು ಒಮ್ಮೆ ಬಸಳೆಯ ಕಟ್ಟು ಹೊತ್ತು ದಾಟಿದ್ದನ್ನು ಊರು ಇನ್ನೂ ಮರೆತಿಲ್ಲ.

ನಾನು ಮಾತ್ರ ದಾಟಲಿಲ್ಲ. ಪುಂಜಾಲಕಟ್ಟೆಯಲ್ಲಿ ನನ್ನದೊಂದು ಪುಟ್ಟ ಟೈಲರ್ ಅಂಗಡಿ. ಗೋಡೆಯಿಲ್ಲದ ಸೇತುವೆಯನ್ನು ನೆನೆದರೇ ತಲೆ ತಿರುಗುವ ಹೆಂಗಸು ನಾನು, ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಮೂಡುಬಿದಿರೆ ಕಡೆಯ ಜೈನ ಮನೆತನದವರು ಮದುಮಗಳ ರವಿಕೆ ಹೊಲಿಯಲು ಕೊಟ್ಟಾಗಲೂ ಅಳತೆ ಇಲ್ಲೇ ಬಂದು ಕೊಟ್ಟರು. ಅದು ನನ್ನ ಮೊದಲ ಮದುಮಗಳ ರವಿಕೆ. ಚೆನ್ನಾಗಿ ಬಂದರೆ ಆ ಮನೆಯ ಹೆಂಗಸರೆಲ್ಲ ನನ್ನ ಗಿರಾಕಿಗಳು, ಕೆಟ್ಟರೆ ಆಚೆ ದಡದಲ್ಲಿ ನನ್ನ ಹೆಸರೇ ಇಲ್ಲ. ತೋಳಿಗೆ ಜರಿಯ ಬಳ್ಳಿ, ಬೆನ್ನಿಗೆ ನವಿಲು, ಕಣ್ಣು ಉರಿಯುವಷ್ಟು ಕೂತು ಮಾಡಿದ್ದೆ. ಮದುವೆಯ ಮುನ್ನಾದಿನ ಬೆಳಿಗ್ಗೆ ಜವಳಿ ಅಂಗಡಿಯ ಹಳದಿ ಚೀಲದಲ್ಲಿಟ್ಟು ಕಂಡಕ್ಟರನಿಗೆ ಕೊಟ್ಟು ಕಳಿಸಿದೆ.

ಚಾ ಕುಡಿದು ಕೂತಿದ್ದೆ. ಮದುಮಗಳ ಚಿಕ್ಕಮ್ಮನ ಫೋನು.

“ನಾವು ಮೀನು ತಿನ್ನುವವರಲ್ಲ ಅಂತ ನಿಮಗೆ ಗೊತ್ತುಂಟಲ್ಲ?”

“ಗೊತ್ತುಂಟು ಅಮ್ಮ. ಯಾಕೆ?”

“ಮತ್ತೆ ಈ ಚೀಲದಲ್ಲಿ ಒಣಮೀನು ಯಾಕೆ ಉಂಟು? ನೆಂಟರ ಎದುರು ಬಿಚ್ಚಿದೆ ಮಾರಾಯ್ತಿ! ರವಿಕೆ ಎಲ್ಲಿ?”

ಕಂಡಕ್ಟರನಿಗೆ ಫೋನು ಮಾಡಿದೆ. ಅದೇ ಜವಳಿ ಅಂಗಡಿಯ ಹಳದಿ ಚೀಲ ಇನ್ನೊಂದಿತ್ತಂತೆ. ಕಲ್ಲಡ್ಕದಲ್ಲಿರುವ ಮಗಳೊಬ್ಬಳು ಆಚೆ ದಡದ ತಾಯಿಗೆ ಒಣಮೀನು ಕಳಿಸಿದ್ದು. ಕಂಡಕ್ಟರ್, “ನಿಮ್ಮ ಚೀಲ ಆಚೆ ಸೇತುವೆಯ ಬುಡದಲ್ಲೇ ಇರುವ ಆ ಅಜ್ಜಿಗೆ ಹೋಗಿರ್ತದೆ ಅಕ್ಕ, ನೀವು ಬನ್ನಿ” ಎಂದ. ರವಿಕೆ ಮೀನಿನ ಸಾರಿನ ಒಲೆಯ ಪಕ್ಕ ಬಿದ್ದಿರುವುದು ನನ್ನ ಕಣ್ಣಮುಂದೆ ಕುಣಿಯಿತು. ಅಂಗಡಿಗೆ ಬೀಗ ಹಾಕಿ ಓಡಿದೆ.

ಡ್ರಮ್ಮಿನ ಹತ್ತಿರ ಕಂಡಕ್ಟರ್ ನಿಂತಿದ್ದ. “ಊರಿಗೆ ಬಂದವಳು ನೀರಿಗೆ ಬಾರದಿರ್ತಾಳಾ? ಅಂತೂ ಬಂದಿರಿ!” ಎಂದು ಹಲ್ಲು ಕಿರಿದ. ಎರಡು ಬಾರಿಸುವಷ್ಟು ಸಿಟ್ಟು ಬಂತು. ಆದರೆ ಹೊಳೆಯ ಸದ್ದಿಗೆ ಸಿಟ್ಟೂ ನಿಲ್ಲಲಿಲ್ಲ. ಗೋಡೆಯಿದ್ದ ಬದಿಯನ್ನು ಹಿಡಿದುಕೊಂಡು, ದೇವರನ್ನೂ ಕಂಡಕ್ಟರನನ್ನೂ ಒಟ್ಟಿಗೆ ಬೈಯುತ್ತ ಹೊರಟೆ.

ನಡುವಿನ ಕಂಬದ ಮೇಲೆ ಬರುವಾಗ ಎದುರಿನಿಂದ ಒಬ್ಬ ಅಜ್ಜಿ ಬಿರುಬಿರನೆ ಬರುತ್ತಿದ್ದಳು. ಕೈಯಲ್ಲಿ ಹಳದಿ ಚೀಲ.

ನನ್ನ ಕಣ್ಣು ಚೀಲದ ಮೇಲೆ ಬಿದ್ದದ್ದೇ ತಡ, “ಎನ್ನ ಮೀನ್ ಓಲು?” ಎಂದು ತುಳುವಿನಲ್ಲಿ ಗದರಿದಳು. ನನ್ನ ಮೀನೆಲ್ಲಿ ಎಂದು ಕೇಳುವವಳ ಮುಂದೆ ಹೊಳೆಗೆ ಹೆದರುತ್ತ ನಿಲ್ಲಲು ಆಗುತ್ತದೆಯೇ? ಚೀಲದೊಳಗೆ ಇಣುಕಿ ನೋಡಿದೆ. ನವಿಲು ಕ್ಷೇಮವಾಗಿತ್ತು. ನಾನು ಅಲ್ಲೇ ಅಳು ತಡೆಯಲಾರದೆ ಅತ್ತುಬಿಟ್ಟೆ. ಅಜ್ಜಿ ಕರಗಲಿಲ್ಲ. ಮೀನು ಸಿಗುವವರೆಗೆ ಚೀಲ ಬಿಡುವುದಿಲ್ಲ ಎಂದಳು. ಆಚೆ ದಡ ಸೇರಿ ಇಬ್ಬರೂ ಒಂದೇ ರಿಕ್ಷಾದಲ್ಲಿ ಮದುವೆ ಮನೆಗೆ ಹೋದೆವು.

ಮೀನಿನ ಚೀಲವನ್ನು ಗೇಟಿನ ಹೊರಗೆ, ದಾಸವಾಳದ ಗೆಲ್ಲಿಗೆ, ಕೈ ತಾಗದಂತೆ ಕೋಲಿನಿಂದ ನೇತುಹಾಕಿದ್ದರು. ಅಜ್ಜಿ ಅದನ್ನು ಬಿಚ್ಚಿ, ಎಲ್ಲ ಉಂಟೆಂದು ನೋಡಿ, ಆಮೇಲೆ ನನ್ನ ಚೀಲ ಕೊಟ್ಟಳು. ರವಿಕೆ ಮದುಮಗಳಿಗೆ ಅಚ್ಚು ಹೊಯ್ದ ಹಾಗೆ ಕೂತಿತು. ಚಿಕ್ಕಮ್ಮ ಮಾತ್ರ ರವಿಕೆಯನ್ನು ಒಮ್ಮೆ ಮೂಸಿ ನೋಡಿದರು. ನನಗೆ ಅದೇ ಚಿಂತೆಯಾಯಿತು. ಇನ್ನು ಇವರು ನನ್ನನ್ನು ಕರೆಯುವವರಲ್ಲ ಎಂದುಕೊಂಡೇ ಮನೆಗೆ ಬಂದೆ.

ಮದುವೆಯ ಮರುದಿನ ಕಂಡಕ್ಟರ್ ಅಂಗಡಿಗೆ ಒಂದು ಹಳದಿ ಚೀಲ ತಂದಿಟ್ಟ. ಬಿಚ್ಚುವ ಮೊದಲು ನಾನೂ ಮೂಸಿದೆ. ಮಲ್ಲಿಗೆ. ಅದರ ಅಡಿಯಲ್ಲಿ ಆ ಮನೆಯ ಹೆಂಗಸರ ರವಿಕೆ ಕಣಗಳು, ಅಳತೆ ರವಿಕೆಗಳ ಸಮೇತ. ಸಂತೋಷಕ್ಕೆ ಕಂಡಕ್ಟರನಿಗೆ ಚಾ ಕುಡಿಸಿದೆ.

ಹೊಲಿದಾದ ಮೇಲೆ ಕೊಟ್ಟು ಕಳಿಸಲಿಲ್ಲ, ನಾನೇ ಹೊರಟೆ. ಡ್ರಮ್ಮಿನ ಹತ್ತಿರ ಕಂಡಕ್ಟರ್ ಇನ್ನೊಂದು ಚೀಲ ಚಾಚಿದ. “ಅಜ್ಜಿಯದ್ದು. ಒಂದು ಕೈ ಖಾಲಿ ಉಂಟಲ್ಲ ಅಕ್ಕ?”

ಗೋಡೆ ಹಿಡಿಯಲು ಇಟ್ಟುಕೊಂಡಿದ್ದ ಕೈ ಅದು. ಚೀಲ ತೆಗೆದುಕೊಂಡೆ. ಒಂದು ಕೈಯಲ್ಲಿ ರವಿಕೆ, ಒಂದು ಕೈಯಲ್ಲಿ ಮೀನು, ಎರಡೂ ಒಂದಕ್ಕೊಂದು ತಾಗದ ಹಾಗೆ ಕೈ ಅಗಲಿಸಿ ಹಿಡಿದು, ಸೇತುವೆಯ ನಡುಮಧ್ಯದಲ್ಲೇ ನಡೆದು ದಾಟಿದೆ.