ಜ್ವರಕ್ಕೆ ಕೂತ ಸೊಪ್ಪಿನತ್ತೆ

ಮೊನ್ನೆ ಮೊಮ್ಮಗಳು ಸೂಪರ್ ಮಾರ್ಕೆಟ್ಟಿನಿಂದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತಂದಳು. ಒಳಗೆ ಕಪ್ಪಗೆ, ಮುದುರಿದ ಹುಳದ ಹಾಗಿರುವ ಹಣ್ಣುಗಳು. "ಅಜ್ಜಿ, ಮಲ್ಬರಿ! ತುಂಬಾ ಹೆಲ್ದಿ ಅಂತೆ, ಟೇಸ್ಟ್ ಮಾಡಿ" ಅಂದಳು. ಒಂದನ್ನು ಎತ್ತಿಕೊಂಡೆ. ಬಾಯಿಗೆ ಹೋಗುವ ಮೊದಲೇ ಅದು ಒಡೆದು ಹೆಬ್ಬೆರಳೆಲ್ಲ ನೇರಳೆಯಾಯಿತು. ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯಲ್ಲಿ ಉಳಿದುಕೊಂಡಿತು. ಆ ಬಣ್ಣವೇ ಹಾಗೆ... ಒಮ್ಮೆ ಹತ್ತಿದರೆ ಬೇಗ ಬಿಡುವುದಿಲ್ಲ.

ಅದೇ ಹೊತ್ತಿಗೆ ಅವಳ ಫೋನಿನಲ್ಲಿ ಒಂದು ವಿಡಿಯೋ ಓಡುತ್ತಿತ್ತು. ಯಾರೋ ಗಡ್ಡದವರು. ವರ್ಷಗಟ್ಟಲೆಯಿಂದ ಅನ್ನ ಮುಟ್ಟಿಲ್ಲ, ನೀರು ಮುಟ್ಟಿಲ್ಲ, ಗಾಳಿ ಬಿಸಿಲೇ ಆಹಾರವಂತೆ. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. "ನಿಜ ಇರಬಹುದಾ ಅಜ್ಜಿ?" ಅಂತ ಕೇಳಿದಳು. ನಾನು ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ನಿಂತೆ.

ನನ್ನ ಅಪ್ಪನ ಊರು ಕೂಟಗಲ್ಲಿನ ಹತ್ತಿರ. ರಾಮನಗರವನ್ನು ಹಳಬರು ಇನ್ನೂ ಕ್ಲೋಸ್‌ಪೇಟೆ ಅನ್ನುತ್ತಿದ್ದ ಕಾಲ. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಬೋರ್ಡಿಂಗ್. ಹಾಲಿಡೇಸ್ ಬಂದರೆ ರೈಲು ಹತ್ತಿ, ಆಮೇಲೆ ಎತ್ತಿನ ಗಾಡಿ ಹತ್ತಿ ಅಜ್ಜಿಯ ಮನೆ. ಬಿಳಿ ಕಾಲುಚೀಲ ನೋಡಿದ ಕೂಡಲೇ ಅಜ್ಜಿ, "ಬಂದ್ಳಪ್ಪ ಇಂಗ್ಲೀಸ್ ಅವ್ವ, ಮಣೆ ಹಾಕ್ರಪ್ಪ" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು.

ಮನೆಮನೆಯಲ್ಲೂ ರೇಷ್ಮೆ ಹುಳ ಸಾಕುವ ಊರು ಅದು. ಪಕ್ಕದ ಮನೆಯಲ್ಲಿ ಆ ಕೆಲಸವೆಲ್ಲ ಕಿರಿಯ ಸೊಸೆಯದು. ತೋಟದಿಂದ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ಹೊರುವುದು, ಹೆಚ್ಚುವುದು, ಬಿದಿರಿನ ತಟ್ಟೆಗಳಲ್ಲಿ ಹುಳದ ಮೇಲೆ ಹರಡುವುದು. ಅವಳ ಮುಖಕ್ಕಿಂತ ಮೊದಲು ತಲೆಯ ಮೇಲಿನ ಹೊರೆ ಕಾಣಿಸುತ್ತಿದ್ದರಿಂದ ನಾವು ಮಕ್ಕಳು ಅವಳನ್ನು ಸೊಪ್ಪಿನತ್ತೆ ಅನ್ನುತ್ತಿದ್ದೆವು. ನಗುವವಳು. ಹುಳ ಸೊಪ್ಪು ತಿನ್ನುವ ಸದ್ದನ್ನು ನಮಗೆ ಕೇಳಿಸಲು ಬಾಗಿಲಲ್ಲಿ ನಿಲ್ಲಿಸಿ, "ಉಸ್ರು ಬುಡ್ಬ್ಯಾಡಿ, ಕೇಳಿ" ಅನ್ನುತ್ತಿದ್ದಳು. ಒಳಗೆ ಕಾಲಿಡಲು ಮಾತ್ರ ಬಿಡುತ್ತಿರಲಿಲ್ಲ. ಹುಳದ ಮನೆಗೆ ಹೊರಗಿನವರು ಹೋಗಬಾರದು.

ಇಲ್ಲಿ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕು. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳಕ್ಕೆ ಸೊಪ್ಪು ಹಾಕಬಾರದು, ಕೆಣಕಬಾರದು. ಎದ್ದ ಮೇಲೆ ತಾನೇ ತಿನ್ನುತ್ತದೆ. ಕೊನೆಯಲ್ಲಿ ಮಾತ್ರ ಇನ್ನೊಂದು ಸ್ಥಿತಿ ಬರುತ್ತದೆ. ಹುಳದ ಮೈ ಜೇನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತದೆ. ಅದು ಹಣ್ಣಾಗುವುದು. ಹಣ್ಣಾದ ಹುಳ ಮತ್ತೆಂದೂ ತಿನ್ನುವುದಿಲ್ಲ. ಗೂಡು ಕಟ್ಟುತ್ತದೆ. ಆಮೇಲೆ ಅದಕ್ಕೆ ಕುದಿಯುವ ನೀರು. ಈ ಎರಡು ಮಾತುಗಳ ನಡುವೆ ಒಂದು ಜೀವ ಹೋಯಿತು, ಅದಕ್ಕೇ ಹೇಳಿದೆ.

ಸೊಪ್ಪಿನತ್ತೆಯ ಗಂಡ ಬಾವಿ ತೋಡುವಾಗ ಮಣ್ಣು ಕುಸಿದು ತೀರಿಕೊಂಡ. ಅವಳು ಊಟ ಬಿಟ್ಟಳು. ಬೀದಿಯ ಹೆಂಗಸರು ಬಂದು ಕೂತು, ತಿನ್ನು ತಿನ್ನು ಅಂತ ಪೀಡಿಸಿ, ಹೊರಗೆ ಹೋಗಿ ನಾಟಕ ಅಂತಲೂ ಆಡಿಕೊಂಡರಂತೆ. ಆಗ ನಮ್ಮ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, "ಏ, ಸುಮ್ಕೆ ಬುಡ್ರೇ ಅವಳ್ನ. ಜ್ವರಕ್ಕೆ ಕೂತವ್ಳೆ. ಎದ್ದ ಮ್ಯಾಕೆ ಉಣ್ತಾಳೆ" ಅಂದಳಂತೆ. ಅಳುತ್ತಿದ್ದವರೂ ನಕ್ಕರು. ಒಂದು ಕರುಣೆಯ ಮಾತು, ಅಷ್ಟೆ.

ಅದೇ ಬೆಳೆಯಲ್ಲಿ ಊರಿಗೆಲ್ಲ ಸುಣ್ಣಕಟ್ಟು ರೋಗ ಬಂತು. ಹುಳಗಳು ಸ್ಲೇಟಿನ ಬಳಪದ ಹಾಗೆ ಬೆಳ್ಳಗೆ ಸೆಟೆದು ಸತ್ತವು. ಪಕ್ಕದ ಮನೆಯ ತಟ್ಟೆಗಳು ಮಾತ್ರ ಉಳಿದವು. ಯಾರು ಮೊದಲು ಅಂದರೋ ಗೊತ್ತಿಲ್ಲ: ಅವಳು ಜ್ವರಕ್ಕೆ ಕೂತಳು, ಅವಳ ಪಾಲಿನ ಊಟ ಹುಳಕ್ಕೆ ಹೋಯಿತು, ಅದಕ್ಕೇ ಉಳಿದವು. ನಾನು ಮುಂದಿನ ಬೇಸಿಗೆ ರಜೆಗೆ ಬರುವಷ್ಟರಲ್ಲಿ ಸೊಪ್ಪಿನತ್ತೆ ಊಟ ನೀರು ಎರಡೂ ಬಿಟ್ಟ ಮಹಾತಾಯಿ ಆಗಿಬಿಟ್ಟಿದ್ದಳು. ಕಬ್ಬಾಳಿನ ದೇವಿಗೆ ಹರಕೆ ಹೊತ್ತವರು ಇಲ್ಲಿಗೂ ಬರುತ್ತಿದ್ದರು. ಹುಳದ ಮೊಟ್ಟೆ ಇಟ್ಟ ಹಾಳೆಗಳನ್ನು ಅವಳ ಕೈಗೆ ಮುಟ್ಟಿಸಿಕೊಂಡು, ಎದೆಗೆ ಒತ್ತಿಕೊಂಡು ಹೋಗುತ್ತಿದ್ದರು.

ನಮ್ಮ ಕಾನ್ವೆಂಟಿನ ಸೈನ್ಸ್ ಸಿಸ್ಟರ್ ಈಸ್ಟರಿಗೆ ಮುಂಚಿನ ಲೆಂಟ್ ದಿನಗಳಲ್ಲಿ ತಾವೇ ಕಟ್ಟುನಿಟ್ಟಾಗಿ ಉಪವಾಸ ಮಾಡುತ್ತಿದ್ದರು. ಆದರೂ ನೀರಿಲ್ಲದೆ ಯಾವ ಜೀವವೂ ಇರದು ಅಂತ ಬೋರ್ಡಿನ ಮೇಲೆ ಬರೆದು ಅಂಡರ್‌ಲೈನ್ ಮಾಡಿದ್ದರು. ಆ ಧೈರ್ಯದಲ್ಲಿ ನಾನು ಪಕ್ಕದ ಮನೆಯ ಜಗಲಿಯಲ್ಲಿ ವಾದಕ್ಕೆ ನಿಂತೆ. ಅಲ್ಲಿ ಯಜಮಾನಿಕೆ ಮಾಡುತ್ತಿದ್ದವನು ಅತ್ತೆಯ ಗಂಡನ ಅಣ್ಣ. ಅತ್ತೆ ಅವನನ್ನು ಭಾವ ಅನ್ನುತ್ತಿದ್ದಳು.

"ಹುಳ ನೀರು ಕುಡ್ದದ್ದ ಯಾರವ್ವ ಕಂಡವ್ರೆ?" ಅಂತ ಭಾವ ನನ್ನನ್ನೇ ಕೇಳಿದ. "ಹಂಗೇಯ ಇದೂವೆ."

"ಹುಳಕ್ಕೆ ಸೊಪ್ಪಿನಲ್ಲೇ ನೀರು ಸಿಗುತ್ತೆ" ಅಂದೆ.

"ಕಾನ್ವೆಂಟ್ ಹುಳಕ್ಕೆ ಸಿಗ್ಬೋದು ಕಣವ್ವ, ನಮ್ಮೂರ ಹುಳಕ್ಕೆ ಸಿಗಾಕಿಲ್ಲ!"

ಜಗಲಿಯೆಲ್ಲ ನಕ್ಕಿತು. ನಾನು ಕೆಂಪಾದೆ. ಬಾಗಿಲ ಒಳಗಿದ್ದ ಅತ್ತೆಯೂ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಸೆರಗು ಜಾರಿದಾಗ ಅವಳ ನಾಲಿಗೆ ನೋಡಿದೆ. ನೇರಳೆ. ಅವರ ಮನೆಯ ಹಿಂದಿನ ಬಾವಿಯ ಪಕ್ಕದಲ್ಲಿ ಒಂದು ಹಳೆಯ ಹಿಪ್ಪುನೇರಳೆ ಮರವಿತ್ತು. ಸೊಪ್ಪಿಗೆ ಕತ್ತರಿಸದೆ ಬಿಟ್ಟದ್ದರಿಂದ ಅದರ ತುಂಬ ಹಣ್ಣು. ಆ ಬಣ್ಣ ಗುರುತಿಸಲಾರದ ಮಗು ಆ ಊರಿನಲ್ಲಿರಲಿಲ್ಲ. ಎಲ್ಲರಿಗೂ ಕಾಣುತ್ತಿತ್ತು, ಯಾರೂ ನೋಡುತ್ತಿರಲಿಲ್ಲ.

ಸಂಜೆ ಬಾವಿಕಟ್ಟೆಯ ಹತ್ತಿರ ಒಬ್ಬಳೇ ಸಿಕ್ಕಳು. ಸೊಪ್ಪು ಬಾಡದಿರಲೆಂದು ಹೊದಿಸುವ ಗೋಣಿತಾಟುಗಳನ್ನು ನೆನೆಸುತ್ತಿದ್ದಳು. "ಅತ್ತೆ, ನಿಮ್ಮ ನಾಲಿಗೆ..." ಅಂದೆ. ಅವಳು ಸುತ್ತ ನೋಡಿ, ನಾಲಿಗೆಯನ್ನು ಪೂರ್ತಿ ಚಾಚಿ ಅಣಕಿಸಿದಳು. ಆಮೇಲೆ ಬೊಗಸೆಯಲ್ಲಿ ನೀರೆತ್ತಿ, ನನ್ನೆದುರಿಗೇ ಗಟಗಟನೆ ಕುಡಿದಳು.

"ಯಾಕತ್ತೆ ಹೀಗೆ? ಊಟ ಮಾಡ್ತೀನಿ ಅಂತ ಹೇಳಿಬಿಡಬಾರದಾ?"

"ಉಣ್ತಿದ್ದಾಗ ಉಂಡ್ಯಾ ಅಂತ ಒಬ್ರೂ ಕೇಳ್ನಿಲ್ಲ ಕಣ್ ಕೂಸೆ" ಅಂದಳು. "ಈಗ ಉಣ್ಣಾಕಿಲ್ಲ ಅಂತ ಊರೂರೇ ಬಂದು ಕೇಳ್ತೈತೆ."

ನಾನು ಓಡಿಹೋಗಿ ಅಜ್ಜಿಗೆ ಹೇಳಿದೆ, ದೊಡ್ಡ ಡಿಸ್ಕವರಿ ಮಾಡಿದವಳ ಹಾಗೆ. ಅಜ್ಜಿ ಒಲೆಯಿಂದ ಮುಖ ಎತ್ತಲಿಲ್ಲ. "ಗೊತ್ತು, ಸುಮ್ಕಿರು. ತಿನ್ಲಿ ಬುಡು. ಅದ್ ತಿನ್ನೋದು ನಿಂತ ದಿನ ನಂಗೆ ಭಯ."

ಆ ದಿನ ಬೇಗನೇ ಬಂತು. ತಿಪ್ಪಸಂದ್ರದ ಕಡೆಯಿಂದ ಬಂದಿದ್ದ ಒಬ್ಬ ಮುದುಕ ಅತ್ತೆಯ ಕೈಗೆ ಹಾಳೆ ಕೊಡುತ್ತ, ಅವಳ ಬಾಯಿ ನೋಡಿ, "ಏನವ್ವಾ ತಾಯಿ, ನಾಲ್ಗೆ ಮ್ಯಾಲೆ ಮಚ್ಚೆಯಾ?" ಅಂದ. ಕುಚೋದ್ಯದ ಮಾತು. ಆದರೆ ಯಾರೂ ನಗಲಿಲ್ಲ. ಭಾವ ಎಲ್ಲರಿಗೂ ಕೇಳುವ ಹಾಗೆ, ಮೆಲ್ಲಗೆ ಹೇಳಿದ: "ಅವ್ಳು ಹಣ್ಣಾಗವ್ಳೆ ಕಣಜ್ಜ. ಹಣ್ಣಾದೋರ ಬಣ್ಣ ಬ್ಯಾರೆ."

ಕೆಲವರು ಕೈಮುಗಿದರು. ನನ್ನ ಪಕ್ಕದಲ್ಲಿದ್ದ ಅಜ್ಜಿ ನನ್ನ ರಟ್ಟೆಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ... "ಲೇ ಮಗ, ಆ ಮಾತ ಆಡ್ಬ್ಯಾಡ. ಜ್ವರ ಅನ್ನು" ಅಂದಳು. ಅವನು ಕೇಳಿಸಿಕೊಳ್ಳದವನ ಹಾಗೆ ಎದ್ದುಹೋದ.

ಮರುದಿನ ಬೆಳಿಗ್ಗೆ ಕೊಡಲಿಯ ಸದ್ದಿಗೆ ಎಚ್ಚರವಾಯಿತು. ಬಾವಿಯ ಪಕ್ಕದ ಮರ ಕಡಿಯುತ್ತಿದ್ದರು. ಅದರ ನೆರಳು ಬಿದ್ದು ತೋಟ ಸೊರಗುತ್ತದೆ ಅಂತ ಭಾವ ಹೇಳಿದನಂತೆ. ಆ ಮರದ ನೆರಳು ಯಾವತ್ತೂ ತೋಟದ ಕಡೆ ಬೀಳುತ್ತಿರಲಿಲ್ಲ. ಬಿದ್ದ ಕೊಂಬೆಗಳಿಂದ ಹಣ್ಣು ಉದುರಿ, ತುಳಿದವರ ಅಂಗಾಲೆಲ್ಲ ನೇರಳೆಯಾಗಿತ್ತು. ಅಂಗಳದ ತುಂಬ ಆ ಹೆಜ್ಜೆಗಳು. ಅತ್ತೆ ಬಾಗಿಲಲ್ಲಿ ನಿಂತು ನೋಡಿದಳು.

ಆಮೇಲೆ ನಡೆದದ್ದೆಲ್ಲ ಗೌರವದಿಂದಲೇ ನಡೆಯಿತು. ಮಹಾತಾಯಿ ಬಾವಿಗೆ ಹೋಗಿ ನೀರು ಸೇದುವುದೇನು, ಗೋಣಿ ನೆನೆಸುವುದೇನು? ಬೇರೆಯವರು ಮಾಡಿದರು. ಮಹಾತಾಯಿ ಒಬ್ಬಳೇ ಮಲಗುವುದೇನು? ಸುತ್ತಲೂ ನಾಲ್ಕಾರು ಹೆಂಗಸರು, ಭಕ್ತಿಯಿಂದ, ಕಣ್ಣು ಕದಲಿಸದೆ. ಅಜ್ಜಿ ಎರಡು ಸಲ ಮಡಿಲಲ್ಲಿ ಏನೋ ಮುಚ್ಚಿಕೊಂಡು ಹೋಗಿ, ಹಾಗೆಯೇ ವಾಪಸ್ಸು ತಂದಳು. ಅತ್ತೆಯ ತುಟಿ ಒಡೆದಿತ್ತು. ನಾಲಿಗೆಯ ಬಣ್ಣ ಹೋಗಿತ್ತು. ಜನ ಅದನ್ನೂ ನೋಡಿ ಕೈಮುಗಿದರು. ಭಾವ ಕೆಟ್ಟವನಿದ್ದನೇ? ಇಷ್ಟು ವರ್ಷದ ಮೇಲೂ ಹೇಳಲಾರೆ. ಬಯ್ದವನಲ್ಲ, ಹೊಡೆದವನಲ್ಲ. ಊರಿನ ಮುಂದೆ ಸುಳ್ಳಾಗಲು ಹೆದರಿದವನು.

ಕೊನೆಗೆ ಅಜ್ಜಿ ಕದ್ದು ಹೋಗುವುದನ್ನು ಬಿಟ್ಟಳು. ಮಟಮಟ ಮಧ್ಯಾಹ್ನ, ಜಗಲಿಯ ತುಂಬ ಜನವಿದ್ದಾಗ, ಚೊಂಬಿನ ತುಂಬ ಮಜ್ಜಿಗೆ ಬೆರೆಸಿದ ರಾಗಿ ಅಂಬಲಿ ಹಿಡಿದು ನಡೆದಳು. ನಾನು ಹಿಂದೆ. ಒಳಗಿನ ಹುಳಗಳು ಆ ದಿನ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಇಡೀ ಮನೆ ನಿಶ್ಶಬ್ದ. ಸದಾ ಬರುವ ಆ ಸರಸರ ಸದ್ದು ಇಲ್ಲದಿದ್ದರೆ ಹುಳದ ಮನೆಯಷ್ಟು ಭಯ ಹುಟ್ಟಿಸುವ ಜಾಗ ಇನ್ನೊಂದಿಲ್ಲ.

ಅಜ್ಜಿ ಚೊಂಬನ್ನು ಹೊಸ್ತಿಲ ಮೇಲಿಟ್ಟಳು. "ಜ್ವರ ಅಂದೋಳು ನಾನು. ಎಬ್ಬಿಸೋಳೂ ನಾನೇಯ. ಏಳವ್ವ, ಜ್ವರ ಬುಡ್ತು. ಕುಡಿ."

ಎಲ್ಲರೂ ಭಾವನ ಕಡೆ ನೋಡಿದರು. ಅವನು ಮೃದುವಾಗಿ, "ಕುಡಿಯವ್ವ. ಬ್ಯಾಡ ಅಂದೋರ್ಯಾರು?" ಅಂದ.

ಅತ್ತೆಯ ಕೈ ಮುಂದೆ ಬಂತು. ಬೆರಳು ಚೊಂಬಿನ ಕಂಠ ಮುಟ್ಟಿದ್ದನ್ನು ನಾನು ಕಂಡೆ. ಮೂಗಿನ ಹೊಳ್ಳೆಗಳು ಮಜ್ಜಿಗೆಯ ವಾಸನೆಗೆ ಅರಳಿದವು. ಅಷ್ಟರಲ್ಲಿ ಜಗಲಿಯ ಕೆಳಗೆ, ಮೊಟ್ಟೆಯ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ಅಳಲು ಶುರುಮಾಡಿದಳು. "ನನ್ ಕೈ ಬುಡ್ಬ್ಯಾಡ ತಾಯಿ... ಎಲ್ಡು ಬೆಳೆ ಹೋಯ್ತು, ನೀನೂ ಉಂಡ್ಬುಟ್ರೆ ನಾವ್ ಯಾರ ಕೇಳೋಣ..."

ಕೈ ನಿಂತಿತು. ಮೆಲ್ಲಗೆ ಹಿಂದೆ ಹೋಯಿತು.

"ನಾನು ಹಣ್ಣಾಗಿವ್ನಿ ಕಣ್ ದೊಡ್ಡವ್ವ" ಅಂದಳು ಅತ್ತೆ. ಧ್ವನಿ ಒಣ ಎಲೆಯ ಹಾಗಿತ್ತು. "ತಗೊಂಡೋಗು."

"ಹಣ್ಣಾದ ಹುಳಕ್ಕೆ ಮುಂದೇನು ಕಾದೈತೆ ಅಂತ ಗೊತ್ತೇನೇ ನಿಂಗೆ?"

"ಗೊತ್ತು."

ಜಗಲಿಯಲ್ಲಿ ಯಾರೋ ಅಡ್ಡಬಿದ್ದರು. ಮಿಕ್ಕವರೂ ಒಬ್ಬರ ಹಿಂದೆ ಒಬ್ಬರು ಬಿದ್ದರು. ನಿಂತು ಉಳಿದವರು ನಾನು, ಅಜ್ಜಿ, ಬಾಗಿಲಲ್ಲಿ ಅತ್ತೆ. ಅವಳು ನನ್ನ ಕಡೆ ನೋಡಿದಳು. ನಾಲಿಗೆ ಚಾಚಿಯಾಳೇನೋ ಅಂತ ಕಾದೆ...

ನಾನು ಬೋರ್ಡಿಂಗಿಗೆ ಮರಳಿದ ಸ್ವಲ್ಪ ದಿನಕ್ಕೇ ಅವಳು ಹೋದಳಂತೆ. ದಸರಾ ರಜೆಗೆ ಬಂದಾಗ ಊರಿನವರೆಲ್ಲ ಒಂದೇ ಮಾತು ಹೇಳಿದರು: ಗೂಡು ಕಟ್ಟಿದಳು. ಯಾರೂ ಸತ್ತಳು ಅನ್ನಲಿಲ್ಲ. ಗೂಡು ಕಟ್ಟಿದಳು ಅಂದವರಿಗೆಲ್ಲ ಅಜ್ಜಿ, "ಸತ್ಲು ಅನ್ರಿ. ಬಾಯಾರಿ ಸತ್ಲು ಅನ್ರಿ" ಅನ್ನುತ್ತಿದ್ದಳು. ಜನ ಅವಳನ್ನು ಕಂಡರೆ ದಾರಿ ಬದಲಿಸತೊಡಗಿದರು.

ಅಜ್ಜಿ ಹುಳ ಸಾಕುವುದನ್ನು ಬಿಟ್ಟಳು. ಬಿದಿರಿನ ತಟ್ಟೆಗಳಲ್ಲಿ ಮೆಣಸಿನಕಾಯಿ ಒಣಗಿಸಿದಳು. ಕಡಿದ ಹಿಪ್ಪುನೇರಳೆ ಸಾಯುವ ಜಾತಿಯಲ್ಲ. ಮೋಟಿನಿಂದ ಚಿಗುರಿ, ಮುಂದಿನ ಬೇಸಿಗೆಗೆ ಹಣ್ಣೂ ಬಿಟ್ಟಿತು. ಯಾವ ಮಗುವೂ ಅದನ್ನು ಕಿತ್ತು ತಿನ್ನಲಿಲ್ಲ. ಹಬ್ಬದ ದಿನ ಅಜ್ಜಿ ಅದರ ಬುಡಕ್ಕೆ ಎಡೆ ಇಡುತ್ತಿದ್ದಳು: ಮುದ್ದೆ, ಸಾರು, ಅನ್ನ, ಮತ್ತು ಎಡೆಗಿಂತ ಮೊದಲು ಒಂದು ಚೊಂಬು ನೀರು. ಇನ್ನೊಂದು ಸಂಗತಿ. ಆಮೇಲೆ ಅವಳು ಬದುಕಿದ್ದ ಅಷ್ಟೂ ವರ್ಷ ಜ್ವರ ಅನ್ನುವ ಮಾತನ್ನೇ ಆಡಲಿಲ್ಲ. ನನಗೆ ಟೈಫಾಯ್ಡ್ ಆಗಿ ಮೈ ಕೆಂಡವಾಗಿದ್ದಾಗಲೂ, ಹಣೆಯ ಮೇಲೆ ಕೈಯಿಟ್ಟು, "ಒಸಿ ಮೈ ಬೆಚ್ಚಗೈತೆ" ಅಂದಳು, ಅಷ್ಟೆ.

ಈಗ ಆ ಹುಳದ ಮನೆಯೂ ಇಲ್ಲ, ಅಜ್ಜಿಯೂ ಇಲ್ಲ. ಸೊಪ್ಪಿನತ್ತೆಯ ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲ.

ಕೈ ಒರೆಸಿಕೊಂಡು ಬಂದು ಮೊಮ್ಮಗಳ ಪಕ್ಕ ಕೂತೆ. ವಿಡಿಯೋ ಇನ್ನೊಮ್ಮೆ ಹಾಕಿಸಿ, ಕನ್ನಡಕ ಏರಿಸಿಕೊಂಡು, ಆ ಗಡ್ಡದವರ ಬಾಯನ್ನೇ ದಿಟ್ಟಿಸಿದೆ. ನಾಲಿಗೆ ಕಾಣಿಸಲಿಲ್ಲ.

"ಹೇಳಿ ಅಜ್ಜಿ, ನಿಜಾನಾ?"

"ಇಲ್ಲ ಕಣಮ್ಮ. ಸುಳ್ಳು" ಅಂದೆ. "ಸುಳ್ಳಾಗಿರಲಿ ಅಂತ ಬೇಡಿಕೋ."

ಅವಳಿಗೆ ಅರ್ಥವಾಗಲಿಲ್ಲ. ನಾನು ಸ್ಕೆಪ್ಟಿಕ್ ಅಂತ ಎಲ್ಲರಿಗೂ ಗೊತ್ತು. ಇಂಥವರನ್ನು ಕಂಡರೆ ಫ್ರಾಡ್ ಅಂತ ಬಯ್ಯುತ್ತೇನೆ ಅಂದುಕೊಂಡಿದ್ದಳು. ಬಯ್ಯಲು ನನ್ನಿಂದ ಆಗುವುದಿಲ್ಲ. ಅವರು ಮೋಸ ಮಾಡುತ್ತಿರಲಿ. ಮನೆಯ ಹಿಂದೆ ಒಂದು ಮರ ಇರಲಿ, ಅದರ ಬುಡಕ್ಕೆ ಯಾರೂ ಕೊಡಲಿ ಹಾಕದಿರಲಿ. ಜನ ಆಚೆ ತಿರುಗಿದಾಗ ಒಂದು ಬೊಗಸೆ ನೀರಾದರೂ ಕುಡಿಯಲಿ.

ಇವತ್ತು ಬೆಳಿಗ್ಗೆ ನೋಡಿಕೊಂಡೆ. ಉಗುರಿನ ಬಣ್ಣ ಹೋಗಿಬಿಟ್ಟಿದೆ.