ಹಗ್ಗ ಬಿಚ್ಚಿ ಕೊಟ್ಟ ಹಸು

ನುಗ್ಗೇಹಳ್ಳಿ ಕಡೆಯ ಆ ಊರಿನಲ್ಲಿ ದನ ಸತ್ತರೆ ಎಳೆದುಕೊಂಡು ಹೋಗುವುದು ಕೇರಿಯವರ ಪಾಲಿನ ಕೆಲಸ. ಕರೆದಾಗ ಹೋಗಬೇಕು, ತುಟಿ ಪಿಟಕ್ಕೆನ್ನಬಾರದು. ಬೈರಯ್ಯ ಹಾಗೇ ಬದುಕಿದವನು. ಅವನ ಹೆಂಡತಿ ಮುದ್ದಮ್ಮನಿಗೆ ಮಾತ್ರ ಬಾಯಿ ಮುಚ್ಚಿಕೊಂಡಿರುವ ವಿದ್ಯೆ ಹುಟ್ಟಿನಿಂದಲೇ ಬರಲಿಲ್ಲ.

ಕನ್ನಡದ ಸೀಮೆಗಳೆಲ್ಲ ಒಂದಾದ ಮಾರನೆಯ ವರ್ಷದ ಮಾತು. ದೊಡ್ಡಮನೆಯ ಶಿವಯ್ಯನವರ ಕೆಂದನೆಯ ಹಸು, ತುಂಬು ಗಬ್ಬ, ಕೆರೆ ಏರಿಯಿಂದ ಜಾರಿ ಬಿತ್ತು. ಗಾಡಿಗೆ ಹೇರಿ ಕೊಟ್ಟಿಗೆಗೆ ತಂದರು. ಬಾಲ ತಿರುಚಿದರು, ಕೋಲಿನಿಂದ ತಿವಿದರು, ಏಳಲೇ ಇಲ್ಲ. ಕಟ್ಟಿದ ಹಗ್ಗದಲ್ಲೇ ಹಸು ಸತ್ತರೆ ಮನೆಗೆ ಪಾಪ ಸುತ್ತಿಕೊಳ್ಳುತ್ತದಲ್ಲ! ಶಿವಯ್ಯನವರು ಊರವರೆದುರಿಗೆ ಕೊರಳ ಹಗ್ಗ ಬಿಚ್ಚಿ, "ಇನ್ನಿದು ನಮ್ದಲ್ಲ, ಎಳ್ಕಂಡೋಗ್ಲಾ" ಎಂದು ಬೈರಯ್ಯನಿಗೆ ಹೇಳಿ ಕೈ ತೊಳೆದುಕೊಂಡರು. ಎಂಥ ಧರ್ಮವಪ್ಪಾ! ಉಸಿರಾಡುವ ಹಸುವನ್ನು ಹೆಣವೆಂದು ಕೊಟ್ಟರೆ ಪಾಪ ಹತ್ತುವುದಿಲ್ಲವಂತೆ.

ಕೇರಿಯ ಗಂಡಸರು ಅದನ್ನು ಗಾಡಿಯಲ್ಲಿ ಊರಾಚೆ ಸಾಗಿಸುತ್ತಿದ್ದಾಗ ಮುದ್ದಮ್ಮ ಅಡ್ಡ ನಿಂತಳು.

"ವಟ್ಟೇಲಿ ಕರ ಒದೀತೈತೆ, ಕಣ್ಣಿಗೆ ಕಾಣಕಿಲ್ವಾ? ನಮ್ಮನೆ ತಾವ ಇಳಿಸಿ."

"ನಿಂಗೆ ತಲೆ ಕೆಟ್ಟೈತೆ ಕಣೇ," ಎಂದ ಬೈರಯ್ಯ.

"ಕೆಟ್ರೆ ಕೆಡ್ಲಿ. ಸತ್ರೆ ನಿಮ್ದು, ಬದುಕಿದ್ರೆ ನಂದು."

ಅಂದಿನಿಂದ ಅವಳು ಕೂಲಿಗೂ ಹೋಗಲಿಲ್ಲ. ರಾಗಿಹುಲ್ಲು ಮೆತ್ತಗೆ ಹಾಸಿ, ಒಂದೇ ಕಡೆ ಬಿದ್ದು ಮೈ ಹುಣ್ಣಾಗದಂತೆ ನೆರೆಯ ರೇವಮ್ಮನನ್ನು ಕೂಗಿ ಕೂಗಿ ಮಗ್ಗುಲು ಬದಲಿಸಿದಳು. ಲಕ್ಕಿಸೊಪ್ಪು ಕುದಿಸಿ ಸೊಂಟಕ್ಕೆ ಶಾಖ ಕೊಟ್ಟಳು. ಹೊಂಗೆ ಎಣ್ಣೆ ಹಾಕಿ ಕಾಲು ತಿಕ್ಕಿದಳು. ಮನೆಯವರ ಅಂಬಲಿಯಲ್ಲೇ ಪಾಲು ತೆಗೆದು ಕುಡಿಸಿದಳು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವ," ಎಂದು ರೇವಮ್ಮ ನಕ್ಕಳು. ಮುದ್ದಮ್ಮನ ಬೈಗುಳವೆಲ್ಲ ಹಸುವಿಗೇ ಮೀಸಲು: "ಏಳೇ ಮೂದೇವಿ! ಸತ್ತೋದೆ ಅಂತ ಅವ್ರಂದ್ರೆ ನೀನೂ ವಪ್ಕಂಡ್ಬುಟ್ಯಾ?"

ಗೋಣಿಚೀಲಗಳನ್ನು ಜೋಡಿಸಿ ಹೊಲಿದು ಹಸುವಿನ ಹೊಟ್ಟೆಯಡಿ ಕೊಟ್ಟು, ಮನೆ ಮುಂದಿನ ಹುಣಸೆ ಕೊಂಬೆಗೆ ಹಗ್ಗ ಎಸೆದು, ಬೈರಯ್ಯನ ಕೈಲಿ ಎಳೆಸಿ ಕಾಲೂರಿಸಿದಳು. ಕುಸಿಯಿತು. ಮತ್ತೆ ಎಳೆಸಿದಳು, ಮತ್ತೆ ಕುಸಿಯಿತು. ನಗುತ್ತಿದ್ದವರೇ ಬಂದು ಹಗ್ಗ ಹಿಡಿಯತೊಡಗಿದರು. ಒಂದು ಬೆಳಿಗ್ಗೆ ಹಗ್ಗ ಸಡಿಲ ಬಿಟ್ಟರೂ ಹಸು ನಡುಗುತ್ತ ನಿಂತೇ ಇತ್ತು. ಮುದ್ದಮ್ಮ ಅದರ ಕೊರಳು ತಬ್ಬಿ ಗೋಳೋ ಎಂದು ಅತ್ತಳು. ಅವಳು ಅತ್ತದ್ದನ್ನು ಬೈರಯ್ಯ ಕಂಡದ್ದು ಅಂದೇ.

ಹಸು ಹೆಣ್ಣುಗರು ಹಾಕಿತು. ಸುದ್ದಿಗೇನು ಕಾಲು ಬೇಕೇ? ಗಿಣ್ಣು ಹಾಲಿಗೆ ಬೆಲ್ಲ ಹಾಕಿ ಬೇಯಿಸಿ ಮುದ್ದಮ್ಮ ಕೇರಿಗೆಲ್ಲ ಹಂಚುತ್ತಿದ್ದಾಗ ಶಿವಯ್ಯನವರು ಆಳನ್ನು ಕರೆದುಕೊಂಡು ಬಂದು ನಿಂತರು.

"ಸಾಕಿದ್ದಕ್ಕೆ ರಾಗಿ ಅಳೆಸ್ತೀನಿ. ಹಸ ಬುಡು."

"ಊರೋರ ಮುಂದೆ ನಮ್ದಲ್ಲ ಅಂದ್ರಲ್ಲ ಬುದ್ಧಿ."

"ಸಾಯ್ತದೆ ಅಂತ ಅಂದಿದ್ದು ಕಣೇ. ಬದುಕಿರೋ ಹಸ ದೊಡ್ಡಮನೇದು."

ಕೊಟ್ಟುಬಿಡೆಂದು ಬೈರಯ್ಯ ಕಣ್ಣಲ್ಲೇ ಬೇಡಿಕೊಂಡ. ದೊಡ್ಡಮನೆಯವರನ್ನು ಎದುರು ಹಾಕಿಕೊಂಡರೆ ನಾಳೆಯಿಂದ ಕೂಲಿ ಇಲ್ಲ. ಅದು ಮುದ್ದಮ್ಮನಿಗೂ ಗೊತ್ತಿತ್ತು. ಗೊತ್ತಿದ್ದೂ ಅವಳು ಮುತ್ತುಗದ ಎಲೆಗೆ ಗಿಣ್ಣು ಹಾಕಿ ಮುಂದೆ ಹಿಡಿದಳು.

"ಆಗ್ಲಿ ಬುದ್ಧಿ. ನಿಮ್ಮ ಹಸ, ನಿಮ್ಮ ಹಾಲು. ನನ್ನ ಮಡಕೇಲಿ ಬೆಂದೈತೆ, ಅಷ್ಟೆಯ. ಇಲ್ಲೇ ಕೂತು ಇದನ್ನ ತಿನ್ನಿ. ಹಸ ಕರ ಎಲ್ಡೂ ನಾನೇ ಒಡ್ಕಂಡ್ ಬಂದು ನಿಮ್ಮ ಕೊಟ್ಟಿಗೇಲಿ ಕಟ್ತೀನಿ."

ಕೇರಿಯ ಮಡಕೆಯಲ್ಲಿ ಬೆಂದದ್ದನ್ನು ದೊಡ್ಡಮನೆಯವರು ಎಂದೂ ಬಾಯಿಗಿಟ್ಟವರಲ್ಲ. ಶಿವಯ್ಯನವರು ಎಲೆ ನೋಡಿದರು, ಹಸು ನೋಡಿದರು, ಸುತ್ತ ನಿಂತವರನ್ನು ನೋಡಿದರು. ಮುದ್ದಮ್ಮ ಚಾಚಿದ ಕೈ ಹಿಂದೆಗೆಯಲಿಲ್ಲ.

"ಸೊಕ್ಕು ಕಣೇ ನಿಂಗೆ!" ಎಂದು ಟವೆಲು ಒದರಿ ಹೆಗಲಿಗೆಸೆದುಕೊಂಡು ಅವರು ಹೊರಟೇಬಿಟ್ಟರು. ಆಳು ಹಿಂದೆಯೇ ಓಡಿದ.

ಆಮೇಲೆ ಬೈರಯ್ಯನಿಗೆ ಬಾಯಿ ಬಂತು. "ಅಲ್ಲ ಕಣೇ, ಅವ್ರು ತಿಂದ್ಬುಟ್ಟಿದ್ರೆ?"

"ಕೊಟ್ಬುಡ್ತಿದ್ದೆ," ಎಂದಳು ಮುದ್ದಮ್ಮ, ಆ ಎಲೆಯನ್ನು ಅವನ ಕೈಗಿಡುತ್ತ. "ನಮ್ಮ ಬಾಗ್ಲಲ್ಲಿ ಕೂತು ನಮ್ಮ ಕೈಲಿ ಇಸ್ಕಂಡು ಉಂಡೋರ್ಗೆ ಒಂದು ಹಸ ಕೊಟ್ರೆ ನಷ್ಟ ಏನು?"