ಅಂಕಲ್‌ಗೆ ನಾನು ಹೇಳಿದ ಅರ್ಥ

ಪ್ರಜ್ಞಾ, ನಿನ್ನ ಅಪ್ಪನ ಸೆಂಡ್ಆಫ್‌ಗೆಂದು ನಾನು ಆರಿಸಿಕೊಟ್ಟ ಜಪಾನಿ ಹಾಡು ಸತ್ತವರನ್ನು ಕಳಿಸಿಕೊಡುವ ಹಾಡು. ಅದು ನನಗೆ ಗೊತ್ತಿತ್ತು. ಕಣ್ತಪ್ಪಿನಿಂದ ಆದದ್ದಲ್ಲ, ಅವಸರದಲ್ಲಿ ಆದದ್ದೂ ಅಲ್ಲ. ಮೂರು ವಾರ ಹುಡುಕಿ, ಒಂದೊಂದು ಸಾಲನ್ನೂ ಓದಿ, ಇದೇ ಸರಿ ಎಂದು ತೀರ್ಮಾನಿಸಿ ನಿನ್ನ ಕೈಗೆ ಕೊಟ್ಟೆ.

ಯಾಕೆ ಎಂದು ನೀನು ಕೇಳುತ್ತೀ. ಹೇಳುತ್ತೇನೆ. ಆದರೆ ಇದನ್ನು ಕ್ಷಮೆಯ ಪತ್ರ ಎಂದುಕೊಂಡು ಓದಬೇಡ — ನಿನ್ನ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಆ ಹಳೆಯ ಕಟ್ಟಡದಲ್ಲಿ ನಿಮ್ಮದು ನಾಲ್ಕನೇ ಮಾಳಿಗೆ, ನಮ್ಮದು ಆರನೆಯದು. ನಿನ್ನ ಅಪ್ಪ, ನನಗೆ ಅಂಕಲ್, ಕೆಳಗಿನ ಅಂಗಡಿಯಲ್ಲಿ ಸ್ಪೀಕರು, ಸ್ಟೀರಿಯೊ ಮಾರುತ್ತಿದ್ದರು. ಗಿರಾಕಿ ಇಲ್ಲದ ಮಧ್ಯಾಹ್ನ ನಮ್ಮಿಬ್ಬರನ್ನೂ ಕೂರಿಸಿ, "ಕಣ್ಣು ಮುಚ್ಚಿ ಕೇಳಿ, ಡ್ರಮ್ಸ್ ಎಲ್ಲಿ ಉಂಟು ಹೇಳಿ" ಎನ್ನುತ್ತಿದ್ದರು. ನಾವು ಜಪಾನಿ ಪಾಪ್ ಹಾಡು ಮೊದಲು ಕೇಳಿದ್ದು ಅಲ್ಲಿಯೇ. ಆಮೇಲೆ ಇಬ್ಬರೂ ಜಪಾನಿ ಕ್ಲಾಸಿಗೆ ಸೇರಿದೆವು. ನೀನು ಅಕ್ಷರ ಕಲಿತಷ್ಟಕ್ಕೇ ನಿಲ್ಲಿಸಿದೆ, ನಾನು ಮೂರು ವರ್ಷ ಹೋದೆ.

ಆ ಬೇಸಿಗೆ ಹಾಡುಗಳ ಪಟ್ಟಿ ಶುರುವಾದದ್ದು ಹೇಗೆಂದು ನಿನಗೆ ನೆನಪಿದೆಯಲ್ಲ? ಜೂನ್ ಬಂದರೆ ಅರ್ಧ ಕಟ್ಟಡ ಊರಿಗೆ ಹೋಗುತ್ತಿತ್ತು. ಉಳಿದವರಿಗೆ ನಾಲ್ಕು ಗೋಡೆ, ಒಂದು ಎ.ಸಿ. ನಮ್ಮ ವಯಸ್ಸಿನವರಿಗೆಂದು ವರ್ಷಕ್ಕೆ ಹತ್ತು ಹಾಡು ಆರಿಸುತ್ತಿದ್ದೆ. ಜಪಾನಿನ ಬೇಸಿಗೆಯ ಹಾಡುಗಳಲ್ಲಿ ನದಿ ದಂಡೆಯ ಬಾಣಬಿರುಸು ಇರುತ್ತದೆ, ಕಿಟಕಿಗೆ ಕಟ್ಟಿದ ಗಾಜಿನ ಗಂಟೆ ಇರುತ್ತದೆ, ಜೀರುಂಡೆ, ಕಲ್ಲಂಗಡಿ, ರಜೆ ಮುಗಿಯುವ ಬೇಸರ ಇರುತ್ತದೆ. ಅಬುಧಾಬಿಯ ಉರಿಬಿಸಿಲಿಗೂ ಅದಕ್ಕೂ ಎಲ್ಲಿಂದೆಲ್ಲಿಯ ಸಂಬಂಧ! ಆದರೂ ಹೊಂದುತ್ತಿತ್ತು. ಪ್ರತಿ ಹಾಡಿನ ಕೆಳಗೆ ಒಂದು ಟಿಪ್ಪಣಿ ಬರೆಯುತ್ತಿದ್ದೆ — ಇದು ಖಲೀಫಾ ಸಿಟಿಯಿಂದ ಬರುವ ಬಸ್ಸಿನಲ್ಲಿ ಕೇಳಲಿಕ್ಕೆ, ಇದು ಲೀವು ಸಿಗದೆ ಇಲ್ಲೇ ಉಳಿದವರಿಗೆ, ಇದು ಯಾರನ್ನಾದರೂ ಏರ್‌ಪೋರ್ಟಿಗೆ ಬಿಟ್ಟು ಒಬ್ಬರೇ ವಾಪಸು ಬರುವಾಗ.

ನೀನು ಅದನ್ನೆಲ್ಲ ವಿಡಿಯೊ ಮಾಡಿ ಹಾಕಿದೆ. ನಿನ್ನ ಮುಖ, ನಿನ್ನ ಹೆಸರು. ಮೊದಲ ವರ್ಷ ನಾನೂ ಖುಷಿಪಟ್ಟೆ — ನಿಜ ಹೇಳುತ್ತಿದ್ದೇನೆ. ನನಗೆ ಕ್ಯಾಮೆರಾ ಎಂದರೆ ಹೆದರಿಕೆ, ನೀನು ಚೆನ್ನಾಗಿ ಮಾತಾಡುತ್ತೀ. ಎರಡನೇ ವರ್ಷ ನನ್ನ ಒಂದು ಟಿಪ್ಪಣಿಯನ್ನು ಓದಿದೆ. ನನ್ನ ಅಮ್ಮನ ಕೆಲಸ ಹೋಗಿ ಅವರು ಊರಿಗೆ ಹಿಂದಿರುಗಿದ ಜೂನ್ ತಿಂಗಳಲ್ಲಿ, ಅವರ ಮಂಚದ ಮೇಲೆ ಕೂತು ಯಾವ ಹಾಡು ಕೇಳಿದೆ ಎಂದು ಬರೆದದ್ದು ಅದು. ಅದನ್ನು ನೀನು 'ನನ್ನ ಅಮ್ಮ' ಎಂದೇ ಓದಿದೆ, ಕೊನೆಗೆ ಕಣ್ಣೊರೆಸಿಕೊಂಡೆ. ನಿನ್ನ ಅಮ್ಮ ಆ ಹೊತ್ತಿಗೆ ಪಕ್ಕದ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದರು, ಪ್ರಜ್ಞಾ! ನನಗೆ ಮೈಯೆಲ್ಲ ಉರಿಯಿತು.

ಆದರೂ ಮುಂದಿನ ಪಟ್ಟಿಯನ್ನೂ ನಾನೇ ಬರೆದುಕೊಟ್ಟೆ. ಮೂರನೇ ವರ್ಷ ದುಬೈಯಲ್ಲಿ ನಮ್ಮ ಊರಿನವರ ಯುವಕೂಟದಲ್ಲಿ ನಿನಗೆ ಹೂಗುಚ್ಛ ಕೊಟ್ಟರು. ಒಬ್ಬ ಹುಡುಗಿ ನನ್ನನ್ನು ತೋರಿಸಿ, ಇವರೂ ನಿಮ್ಮೊಟ್ಟಿಗೆ ಮಾಡುದಾ ಎಂದು ಕೇಳಿದಳು. ನೀನು ನಕ್ಕೆ.

"ಓ, ಸೌಮ್ಯನಾ? ಅವ್ಳು ಟೈಪ್ ಮಾಡಿ ಕೊಡುದು ಅಷ್ಟೇ."

ಕಟ್ಟಿದವಳು ನಾನು, ಮುಡಿದವಳು ನೀನು — ಅದನ್ನೂ ಸಹಿಸಬಹುದಿತ್ತೇನೋ. ಆದರೆ ನೀನು ಅದನ್ನು ಹೇಳುವಾಗ ನನ್ನ ಹೆಗಲ ಮೇಲೆ ಕೈ ಇಟ್ಟಿದ್ದೆ. ಆ ಕೈಯ ಭಾರ... ಬಿಡು. ಅವತ್ತು ಬಸ್ಸಿನಲ್ಲಿ ಅಬುಧಾಬಿಗೆ ವಾಪಸು ಬರುವಾಗ, ಇವಳಿಗೆ ಒಂದು ದಿನ ಸರಿಯಾಗಿ ಕಲಿಸುತ್ತೇನೆ ಎಂದು ನಿಶ್ಚಯಿಸಿದೆ.

ಆ ದಿನ ಬೇಗನೆ ಬಂತು. ಅಂಕಲ್‌ಗೆ ಅರವತ್ತಾಯಿತು, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟರು. ಖಾಯಂ ಆಗಿ ಹೋಗುವವರಿಗೆ ಸೆಂಡ್ಆಫ್ ಕೊಡದೆ ನಾವು ಯಾರನ್ನೂ ಬಿಡುವವರಲ್ಲ. ಹಾಲ್ ಗೊತ್ತು ಮಾಡಿದ್ದಾಯಿತು, ಊಟಕ್ಕೆ ಹೇಳಿದ್ದಾಯಿತು. ನೀನು ನನ್ನಲ್ಲಿಗೆ ಬಂದೆ. "ಅಪ್ಪನಿಗೆ ಒಂದು ಸಮ್ಮರ್ ಸಾಂಗ್ ಹಾಡ್ಬೇಕು ಮಾರಾಯ್ತಿ. ಹ್ಯಾಪಿ ಆಗಿರ್ಬೇಕು, ಎಲ್ರೂ ಚಪ್ಪಾಳೆ ತಟ್ಬೇಕು. ನೀನೇ ನೋಡು." ಅರ್ಥ ಏನಿರಬೇಕೆಂದು ನೀನು ಹೇಳಲಿಲ್ಲ. ನಾವು ಹಾಗೆಯೇ ಅಲ್ಲವೇ — ಗೊತ್ತಿಲ್ಲದ ಭಾಷೆಯ ಹಾಡನ್ನು ತಾಳ ನೋಡಿ ಮದುವೆಗೂ ಹಾಕುತ್ತೇವೆ, ತೊಟ್ಟಿಲಿಗೂ ಹಾಕುತ್ತೇವೆ.

ನಮ್ಮಲ್ಲಿ ಮಳೆಗಾಲದ ಆಟಿ ತಿಂಗಳಲ್ಲಿ ತೀರಿಹೋದ ಹಿರಿಯರಿಗೆ ಬಡಿಸುವಂತೆ ಜಪಾನಿನಲ್ಲಿ ಬೇಸಿಗೆಯ ಕೊನೆಗೆ ಸತ್ತವರು ಮನೆಗೆ ಬರುತ್ತಾರೆಂದು ನಂಬಿಕೆ. ಕೆಲವು ದಿನ ಉಪಚರಿಸುತ್ತಾರೆ, ಆಮೇಲೆ ದೀಪಗಳನ್ನು ನೀರಿಗೆ ಬಿಟ್ಟು ಅವರನ್ನು ಕಳಿಸಿಕೊಡುತ್ತಾರೆ. ನಾನು ಹುಡುಕಿ ತೆಗೆದದ್ದು ಆ ದಿನದ ಹಾಡು. ತಾಳ ಕೇಳಿದರೆ ಕಾಲು ತಾನಾಗಿ ಕುಣಿಯಬೇಕು, ಅಷ್ಟು ಲವಲವಿಕೆ. ಸೆಂಡ್ಆಫಿಗೆ ನಮ್ಮ ಜಪಾನಿ ಟೀಚರನ್ನೂ ಕರೆದಿದ್ದೆ ನೀನು. ಅವರು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಾರೆ, ಮುಖ ಬಿಳಿಚಿಕೊಳ್ಳುತ್ತದೆ, ನಿನ್ನನ್ನು ಕರೆದು ಹೇಳುತ್ತಾರೆ, ಸಭೆಗೆಲ್ಲ ಗೊತ್ತಾಗುತ್ತದೆ, ಜಪಾನಿ ಹಾಡಿನ ರಾಣಿಗೆ ಜಪಾನಿಯೇ ಬರುವುದಿಲ್ಲವೆಂದು — ಇದು ನನ್ನ ಲೆಕ್ಕ. ಅಂಕಲ್? ಆ ಲೆಕ್ಕದಲ್ಲಿ ಅಂಕಲ್ ಇರಲೇ ಇಲ್ಲ.

ಮೂರು ವಾರ ನಿನಗೆ ಉಚ್ಚಾರ ತಿದ್ದಿದೆ. ಎಲ್ಲಿ ಉಸಿರು, ಎಲ್ಲಿ ನಗು, ಎಲ್ಲಿ ಅಪ್ಪನ ಕಡೆ ಕೈ ತೋರಿಸಬೇಕು — ಎಲ್ಲ ನಾನೇ ಹೇಳಿಕೊಟ್ಟದ್ದು. ನಗುನಗುತ್ತಾ ಕತ್ತು ಕೊಯ್ಯುವುದು ಎನ್ನುತ್ತಾರಲ್ಲ, ಹಾಗೆ. ಆ ಮೂರು ವಾರ ನಾನು ಬಹಳ ಸುಖವಾಗಿದ್ದೆ, ಪ್ರಜ್ಞಾ. ಸುಳ್ಳು ಯಾಕೆ ಹೇಳಲಿ.

ಟೀಚರ್ ಬರಲಿಲ್ಲ. ಹಿಂದಿನ ದಿನವೇ ರಜೆಗೆ ತಮ್ಮ ದೇಶಕ್ಕೆ ಹೊರಟುಹೋಗಿದ್ದರು. ನೀನು ಹಾಡಿದೆ, ಹಾಲ್ ಇಡೀ ಚಪ್ಪಾಳೆ ತಟ್ಟಿತು. ನೀನು ಏನು ಹಾಡುತ್ತಿದ್ದೀ ಎಂದು ಗೊತ್ತಿದ್ದದ್ದು ನನಗೊಬ್ಬಳಿಗೇ. ಒಂದು ಕ್ಷಣ ಅದರಿಂದಲೂ ನನ್ನ ಹೊಟ್ಟೆ ತಣ್ಣಗಾಯಿತು.

ಊಟದ ಸಾಲಿನಲ್ಲಿ ಅಂಕಲ್ ತಟ್ಟೆ ಹಿಡಿದುಕೊಂಡೇ ನನ್ನ ಹತ್ತಿರ ಬಂದರು. "ಚಂದ ಉಂಟು ಮಗಾ ಆ ಹಾಡು. ಎಂತ ಹೇಳ್ತದೆ ಅದು?"

ಆಗಲಾದರೂ... ಇಲ್ಲ. ನನ್ನ ಬಾಯಿಗೆ ಏನು ಬಂತೋ ಅದನ್ನು ಹೇಳಿದೆ.

"ಬೇಗ ವಾಪಸ್ ಬನ್ನಿ ಅಂತ, ಅಂಕಲ್."

ಅವರ ಕಣ್ಣು ತುಂಬಿತು. "ಎಲ್ಲಿಗೆ ಬರುದು ಮಗಾ, ಖಲಾಸ್ ಆಯ್ತಲ್ಲ" ಎಂದು ನಕ್ಕರು. ಆದರೆ ಮರುದಿನ ಹೊರಡುವ ಮೊದಲು ಆ ಹಾಡನ್ನು ತಮ್ಮ ಫೋನಿಗೆ ಹಾಕಿಸಿಕೊಂಡರು. ಹಾಕಿಕೊಟ್ಟವಳೂ ನಾನೇ.

ಆರು ತಿಂಗಳಿಗೆ ಹೊಟ್ಟೆನೋವು, ಮಂಗಳೂರಿನ ಆಸ್ಪತ್ರೆ, ಮತ್ತೆ ಆ ಕಾಯಿಲೆಯ ಹೆಸರು. ಅಂಕಲ್ ದಿನಾ ಬೆಳಿಗ್ಗೆ ಆ ಹಾಡು ಹಾಕಿಸಿಕೊಳ್ಳುತ್ತಿದ್ದರೆಂದು ನೀನೇ ಹೇಳಿದೆ. ನರ್ಸುಗಳಿಗೆಲ್ಲ ಅದರ ಅರ್ಥ ವಿವರಿಸುತ್ತಿದ್ದರಂತೆ — ಅಬುಧಾಬಿಯಲ್ಲಿ ನನಗೆ ಬೇಗ ಬಾ ಅಂತ ಹೇಳಿದ್ದಾರೆ, ಒಮ್ಮೆ ಹೋಗಿ ಎಲ್ಲರನ್ನೂ ನೋಡಿ ಬರಬೇಕು ಎಂದು. ಕೊನೆಯ ದಿನ ಮಾತು ನಿಂತ ಮೇಲೂ ಆಂಟಿ ಅದನ್ನೇ ಹಚ್ಚಿ ಅವರ ಕಿವಿಯ ಹತ್ತಿರ ಇಟ್ಟಿದ್ದರಂತೆ. ನೀನು ಅದನ್ನು ಫೋನಿನಲ್ಲಿ ಹೇಳಿ ಅಳುತ್ತಿದ್ದೆ. ನಾನು ಈ ಕಡೆ ಹೂಂ ಹೂಂ ಎನ್ನುತ್ತಿದ್ದೆ.

ಈ ಬೇಸಿಗೆ ನಿನ್ನ ಪಟ್ಟಿಯಲ್ಲಿ ಮೊದಲನೆಯದೇ ಆ ಹಾಡು. ಅಪ್ಪನ ಹಾಡು, ಬೇಗ ಬಾ ಎನ್ನುವ ಹಾಡು, ದೂರ ಇರುವ ಎಲ್ಲರಿಗೂ ಎಂದು ಬರೆದಿದ್ದೀ. ಎಷ್ಟೊಂದು ಹುಡುಗ ಹುಡುಗಿಯರು ತಂತಮ್ಮ ಅಪ್ಪ ಅಮ್ಮನಿಗೆ ಕಳಿಸುತ್ತಿದ್ದಾರೆ! ಮೊನ್ನೆ ನನಗೂ ನಿನ್ನ ಮೆಸೇಜು ಬಂತು. "ವರ್ಷಾಂತಿಕದ ದಿನ ಅಮ್ಮನಿಗೆ ಆ ಹಾಡು ಕನ್ನಡದಲ್ಲಿ ಓದಿಸ್ಬೇಕಂತೆ. ಬರ್ದು ಕೊಡು ಸೌಮ್ಯಾ. ಈ ಸಲ ನಿನ್ನ ಹೆಸರು ಹಾಕ್ತೇನೆ, ಪ್ರಾಮಿಸ್."

ಎರಡು ಹಾಳೆ ಬರೆದೆ. ಒಂದರಲ್ಲಿ ನಾನು ಅಂಕಲ್‌ಗೆ ಹೇಳಿದ ಸುಳ್ಳನ್ನೇ ಹಾಡಾಗಿ ಕಟ್ಟಿದೆ. ಚೆನ್ನಾಗಿಯೇ ಬಂತು. ಅದನ್ನು ಕಳಿಸಿದ್ದರೆ ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಅದನ್ನು ಹರಿದು ಹಾಕಿದ್ದೇನೆ.

ನಿಜವಾದ ಅರ್ಥ ಇದು: ದೀಪ ನೀರಿಗೆ ಬಿಟ್ಟಾಯಿತು. ನಿನ್ನ ತಟ್ಟೆ ತೊಳೆದಿಟ್ಟಾಯಿತು. ಇನ್ನು ಹೊರಡು, ತಿರುಗಿ ನೋಡಬೇಡ. ಈ ಮನೆಯಲ್ಲಿ ನಿನಗೆ ಇನ್ನು ಜಾಗವಿಲ್ಲ.

ನೀನು ನನ್ನಿಂದ ಕದ್ದದ್ದು ಕದ್ದದ್ದೇ, ಅದನ್ನು ನಾನು ಬಿಟ್ಟುಕೊಟ್ಟಿಲ್ಲ. ಆದರೆ ಅಂಕಲ್ ನನ್ನಿಂದ ಏನೂ ಕದ್ದಿರಲಿಲ್ಲ. ಕೇಳುವುದು ಹೇಗೆಂದು ಕಲಿಸಿದ್ದರು, ಅಷ್ಟೇ. ಶನಿವಾರ ಊರಿಗೆ ಹೊರಡುತ್ತಿದ್ದೇನೆ, ನೇರ ನಿಮ್ಮ ಮನೆಗೆ. ನೀನು ಈ ಪತ್ರ ಓದಿ ನನ್ನನ್ನು ಏನು ಬೇಕಾದರೂ ಮಾಡು. ಆಂಟಿಗೆ ಮಾತ್ರ ನೀನು ಹೇಳಬೇಡ. ಅವರ ಎದುರು ಕೂತು, ಅವರ ಮುಖ ನೋಡುತ್ತಾ, ಅದನ್ನು ನಾನೇ ಹೇಳಬೇಕು.